ಸಿಪಿ ಇರುವ ಮಗನ ಮೀನಖಂಡ ಗಟ್ಟಿಯಾಗ್ತಿದೆ, ಒಳಗೆ ಉರಿಯೂತ ಇದೆಯಾ?

ಯಲಹಂಕದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಮಿದುಳಿನ ತೊಂದರೆಯಿಂದ ಎರಡೂ ಕಾಲು ಬಿಗಿ. ವಾಕರ್ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ. ಈ ಬೇಸಿಗೆಯಲ್ಲಿ ಸರ್ರನೆ ಉದ್ದ ಆದ. ಆಮೇಲಿಂದ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಮುಂಚೆ ನಿದ್ದೆಯಲ್ಲಾದರೂ ಪಾದ ಸಡಿಲ ಆಗುತ್ತಿತ್ತು, ಈಗ ಅದೂ ಇಲ್ಲ.

ಮನೆ ಹತ್ತಿರದ ಫಿಸಿಯೋ ಜೋರಾಗಿ ಎಳೆಯುತ್ತಾರೆ, ಇವನು ಕಿರುಚುತ್ತಾನೆ. ಮಾರನೇ ದಿನ ಮೀನಖಂಡ ಮುಟ್ಟೋಕೂ ಬಿಡಲ್ಲ. ಅತ್ತೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು ಅಂತಾರೆ. ನಾದಿನಿ ಸ್ಟೆಮ್ ಸೆಲ್ (ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಕೋಶ) ಚಿಕಿತ್ಸೆಯ ಜಾಹೀರಾತಿನ ವಿಡಿಯೋ ಕಳಿಸಿದ್ದಾಳೆ. ಒಳಗೆ ಏನಾಗ್ತಿದೆ, ಗೊತ್ತಿರುವವರು ಹೇಳಿ.

ವಿಜಯನಗರದ ಅಪ್ಪ:
ನಮ್ಮ ಮಗಳಿಗೂ ಹೀಗೇ ಇತ್ತು ಅಕ್ಕ. ಬೊಟಾಕ್ಸ್ (ಸ್ನಾಯುವಿನ ಬಿಗಿ ಇಳಿಸುವ ಇಂಜೆಕ್ಷನ್) ಕೊಟ್ಟು ಪ್ಲಾಸ್ಟರ್ ಹಾಕಿದರು, ಹಿಮ್ಮಡಿ ಇಳಿಯಿತು. ಆದರೆ ಬೊಟಾಕ್ಸ್ ಮೂರು ತಿಂಗಳ ಆಟ, ಅಷ್ಟೇ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿಯಲ್ಲೂ ಒಮ್ಮೆ ವಿಚಾರಿಸಿ.

ಜಯನಗರ ಫಿಸಿಯೋ:
ನಾನೂ ಫಿಸಿಯೋನೇ, ಮಕ್ಕಳ ಕೇಸುಗಳೇ ಜಾಸ್ತಿ. ಮೇಡಂ, ನಿದ್ದೆಯಲ್ಲೂ ಸಡಿಲ ಆಗಲ್ಲ ಅಂದಿರಲ್ಲ, ಮುಖ್ಯ ವಿಷಯ ಅದೇ. ಮಿದುಳಿನ ತೊಂದರೆಯಿಂದ ಬರುವ ಬಿಗಿ ನಿದ್ದೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತೆ. ಆಗಲೂ ಇಳಿಯದಿದ್ದರೆ ಸ್ನಾಯುವೇ ಗಿಡ್ಡ ಆಗಿರುವ ಸಾಧ್ಯತೆ ಇದೆ. ಅದನ್ನು ಕಾಂಟ್ರಾಕ್ಚರ್ ಅಂತೀವಿ. ಬೊಟಾಕ್ಸ್ ಒಂದೇ ಅದನ್ನು ಬಿಡಿಸಲ್ಲ.

ಉರಿಯೂತ ಇದೆಯಾ ಅಂದರೆ, ಪೆಟ್ಟು ಬಿದ್ದಾಗ ಬರುವ ಬಾವಿನ ತರಹ ಅಲ್ಲ. ಆಪರೇಷನ್ ವೇಳೆ ತೆಗೆದ ಸ್ನಾಯುವಿನ ಚೂರುಗಳಲ್ಲಿ ಉರಿಯೂತಕ್ಕೆ ಸಂಬಂಧಪಟ್ಟ ಜೀನ್‌ಗಳು ಜಾಸ್ತಿ ಚುರುಕಾಗಿರುವುದು ಕಂಡಿದೆ. ಸ್ನಾಯುವಿನ ಎಳೆಗಳ ನಡುವೆ ಕೊಲಾಜನ್ ಅನ್ನುವ ಗಟ್ಟಿ ನಾರಿನ ಪದಾರ್ಥ ಕೂಡ ತುಂಬಿಕೊಂಡಿರುತ್ತೆ. ಸ್ನಾಯುವನ್ನು ರಿಪೇರಿ ಮಾಡಿ ಬೆಳೆಸಲು ಸ್ಯಾಟಲೈಟ್ ಸೆಲ್ ಅನ್ನುವ ಜೀವಕೋಶಗಳು ಬೇಕು. 2013ರ ಒಂದು ಅಧ್ಯಯನದಲ್ಲಿ, ಕಾಂಟ್ರಾಕ್ಚರ್ ಇದ್ದ ಸಿಪಿ ಮಕ್ಕಳ ತೊಡೆಯ ಸ್ನಾಯುವಿನಲ್ಲಿ ಇವು ಬೇರೆ ಮಕ್ಕಳಲ್ಲಿ ಇರುವುದರ ಅರ್ಧದಷ್ಟೂ ಇರಲಿಲ್ಲ. ಮನೆ ಕಟ್ಟಬೇಕು, ಕೂಲಿಯವರೇ ಬಂದಿಲ್ಲ ಅನ್ನೋ ಪರಿಸ್ಥಿತಿ. ಮೂಳೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತೆ. ಬೇಸಿಗೆಯಲ್ಲಿ ಉದ್ದ ಆದ ಮೇಲೆ ಹಿಮ್ಮಡಿ ಎದ್ದದ್ದು ಅದಕ್ಕೇ ಇರಬೇಕು.

ಇನ್ನೊಂದು ವಿಚಿತ್ರ ಇದೆ. ಸ್ನಾಯು ಹೊರಗೆ ಗಿಡ್ಡ, ಆದರೆ ಒಳಗಿನ ಪುಟ್ಟ ಘಟಕಗಳು, ಸಾರ್ಕೊಮಿಯರ್‌ಗಳು, ಆಗಲೇ ಮಿತಿಮೀರಿ ಹಿಗ್ಗಿರುತ್ತವೆ. ಅದನ್ನು ಇನ್ನೂ ಜಗ್ಗಿದರೆ ಏನು ಬಂತು? ನಮ್ಮ ಫಿಸಿಯೋಗಳಲ್ಲೇ ಕೆಲವರಿಗೆ ಮಗು ಅತ್ತರೇನೇ ಫೀಸಿಗೆ ನ್ಯಾಯ ಆಯ್ತು ಅನ್ನೋ ಭಾವನೆ. ನನಗದು ಒಪ್ಪಿಗೆ ಇಲ್ಲ. ಹಗುರವಾಗಿ, ತುಂಬಾ ಹೊತ್ತು ಹಿಡಿದಿಡುವುದೇ ಮೇಲು. ಎಎಫ್‌ಒ (ಪಾದ, ಕಣಕಾಲನ್ನು ಸರಿಯಾಗಿ ಹಿಡಿದಿಡುವ ಸಾಧನ), ನಿಲ್ಲಿಸುವ ಫ್ರೇಮ್, ಆಗಾಗ ಬದಲಿಸುವ ಪ್ಲಾಸ್ಟರ್ ಇರುವುದು ಅದಕ್ಕೇ. ಜೊತೆಗೆ ಬಲ ಬೇಕು. ಸ್ಟೂಲಿಂದ ಎದ್ದು ಕೂರುವುದನ್ನು ಮಾಡಿಸಿ, ಕೈಹಿಡಿದು ಮೆಟ್ಟಿಲು ಹತ್ತಿಸಿ. ವ್ಯಾಯಾಮದಿಂದ ಬಿಗಿ ಜಾಸ್ತಿಯಾಗುತ್ತೆ ಅನ್ನೋದು ಹಳೇ ನಂಬಿಕೆ.

ಹರಳೆಣ್ಣೆ ಧಾರಾಳವಾಗಿ ಹಚ್ಚಿ. ಮಗುವಿಗೆ ಹಿತ, ಅತ್ತೆಗೂ ಸಮಾಧಾನ. ಸ್ನಾಯು ಮಾತ್ರ ಉದ್ದ ಆಗಲ್ಲ. ಒಂದೇ ಕಡೆ ಬಿಸಿ, ಕೆಂಪು, ಬಾವು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಮೂಳೆ ಬಿರುಕು ಬಿಟ್ಟಿರಲೂಬಹುದು.

ಯಲಹಂಕದ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್. ಕೂಲಿಯವರು ಕಡಿಮೆ ಅಂದಿರಿ, ಹಾಗಾದರೆ ಸ್ಟೆಮ್ ಸೆಲ್ ಹಾಕಿಸಿದರೆ ಸರಿ ಹೋಗಲ್ವಾ? ನಾದಿನಿ ಬಿಡ್ತಾ ಇಲ್ಲ.

ಜಯನಗರ ಫಿಸಿಯೋ:
ಇಲ್ಲ ಮೇಡಂ, ದುಡ್ಡು ಕಟ್ಟಬೇಡಿ. ಆ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಹೇಳುವುದು ಬೆನ್ನಿಗೆ ಕೊಡುವ ಇಂಜೆಕ್ಷನ್, ಮೀನಖಂಡಕ್ಕಲ್ಲ. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಹೊರಡಿಸಿದ 2017ರ ಮಾರ್ಗಸೂಚಿ ಪ್ರಕಾರ ಸಿಪಿಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ಪ್ರಯೋಗಕ್ಕೆ ಸೇರಿದವರ ಹತ್ತಿರ ದುಡ್ಡು ಕೇಳುವ ಹಾಗಿಲ್ಲ. ಅದರ ಬದಲು ನ್ಯಾಷನಲ್ ಟ್ರಸ್ಟ್ ಅನ್ನುವ ಕೇಂದ್ರ ಸರ್ಕಾರಿ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆ ಮಾಡಿಸಿ. 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತೆ. ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸುವಾಗ ಸೊಂಟದ ಎಕ್ಸ್‌ರೇ ಬಗ್ಗೆಯೂ ಕೇಳಿ.

ಯಲಹಂಕದ ಅಮ್ಮ:
ಎಎಫ್‌ಒ ರಾತ್ರಿಯೂ ಹಾಕಬೇಕಾ ಸರ್?

ಜಯನಗರ ಫಿಸಿಯೋ:
ನಿದ್ದೆ ಕೆಡಿಸಿಕೊಂಡು ಬೇಡ. ಡಾಕ್ಟರು ಮೊದಲು ಮೊಣಕಾಲು ನೇರ ಮಾಡಿ ಪಾದ ಎಷ್ಟು ಮೇಲೆ ಬರುತ್ತೆ ಅಂತ ಅಳೆಯಲಿ, ಆಮೇಲೆ ನೋಡೋಣ.