ದುಬೈಯಿಂದ ಬಂದ ಹಳೇ ರಿಸೀವರ್, ಹೊಸ ಫೋರ್‌ಕೆ ಟಿವಿ, ನಡುವೆ ಒಂದು ವಿಸಿಆರ್: ಸೇರಿಸುವುದು ಹೇಗೆ?

ಪೆರ್ಲದ ತೋಟದವ:

ನಮ್ಮದು ಪೆರ್ಲದಿಂದ ಒಳಗೆ, ತೋಟದ ಮನೆ. ಅಣ್ಣ ದುಬೈಯಲ್ಲಿದ್ದಾಗ 2005ರಲ್ಲಿ ಒಂದು ಹೋಮ್ ಥಿಯೇಟರ್ ರಿಸೀವರ್ ತಂದಿದ್ದ. ಐದು ಸ್ಪೀಕರ್, ಒಂದು ಸಬ್‌ವೂಫರ್. ಎತ್ತಲಿಕ್ಕೆ ಇಬ್ಬರು ಬೇಕು, ಅಷ್ಟು ಭಾರ. ಕಳೆದ ತಿಂಗಳು 55 ಇಂಚಿನ ಫೋರ್‌ಕೆ ಟಿವಿ ತಗೊಂಡೆವು. ಅಂಗಡಿಯ ಹುಡುಗ, "ಒಂದು ಸೌಂಡ್‌ಬಾರ್ ತಗೊಳ್ಳಿ, ಹಳೇದನ್ನು ಗುಜರಿಗೆ ಹಾಕಿ" ಅಂದ. ನನಗೆ ಮನಸ್ಸು ಬರಲಿಲ್ಲ.

ರಿಸೀವರ್ ಹಿಂದೆ ಎಚ್‌ಡಿಎಂಐ ಇಲ್ಲವೇ ಇಲ್ಲ. ಡಿಜಿಟಲ್ ಶಬ್ದಕ್ಕೆ ಆಪ್ಟಿಕಲ್ ಎರಡು, ಕೋಆಕ್ಸಿಯಲ್ ಒಂದು, ಉಳಿದದ್ದೆಲ್ಲ ಕೆಂಪು-ಬಿಳಿ-ಹಳದಿ ತೂತುಗಳು. ಆಪ್ಟಿಕಲ್ ಕೇಬಲ್ ತಂದೆ. ಅದು ಪೂರ್ತಿ ಒಳಗೆ ಕೂರುವುದೇ ಇಲ್ಲ, ಶಬ್ದವೂ ಇಲ್ಲ.

ಇನ್ನೊಂದು ಕಥೆ ವಿಸಿಆರ್‌ದು. 1996ರಲ್ಲಿ ಅಣ್ಣನ ಮದುವೆಯ ಮರುದಿನ ನಮ್ಮ ಅಂಗಳದಲ್ಲಿ ಯಕ್ಷಗಾನ ಆಟ ಆಡಿಸಿದ್ದೆವು. ಅದರ ಕ್ಯಾಸೆಟ್ ಉಂಟು. ಅಮ್ಮನಿಗೆ ಅದನ್ನು ದೊಡ್ಡ ಟಿವಿಯಲ್ಲಿ ನೋಡಬೇಕಂತೆ. ಹೊಸ ಟಿವಿಯಲ್ಲಿ ಮೂರು ಬಣ್ಣದ ತೂತು ಇಲ್ಲ, ಇಯರ್‌ಫೋನ್ ಸಿಕ್ಕಿಸುವಂಥ ಒಂದೇ ಒಂದು ತೂತು, ಪಕ್ಕದಲ್ಲಿ "ಎವಿ ಇನ್" ಅಂತ ಬರೆದಿದೆ. ಕಾಸರಗೋಡು ಪೇಟೆಯಿಂದ ಒಂದು ಕನ್ವರ್ಟರ್ ಡಬ್ಬಿ ತಂದು ಹಾಕಿದೆ. ಪರದೆ ಕಪ್ಪು. ಡಬ್ಬಿಯ ಮೇಲೆ "ಎಚ್‌ಡಿಎಂಐ ಟು ಎವಿ" ಅಂತ ಇದೆ.

ಸಾಲದ್ದಕ್ಕೆ ವಿಸಿಆರ್‌ನ ಕೆಂಪು-ಬಿಳಿ ವಯರು ರಿಸೀವರಿಗೆ ಸಿಕ್ಕಿಸಿದರೆ ಸಬ್‌ವೂಫರ್ "ಗುಂಯ್" ಅಂತ ಭ್ರಮರದ ಹಾಗೆ ಹಾಡುತ್ತದೆ. ಯಾರಾದರೂ ದಾರಿ ತೋರಿಸಿ ಮಾರಾಯ್ರೆ.

ಉಪ್ಪಳದಿಂದ:

ನಿಮ್ಮ ಅಂಗಡಿ ಹುಡುಗ ಹೇಳಿದ್ದರಲ್ಲಿ ತಪ್ಪೇನು? ನಾನು ಹಳೇದೆಲ್ಲ ಮಾರಿ ಸೌಂಡ್‌ಬಾರ್ ಹಾಕಿದ್ದೇನೆ. ಒಂದು ವಯರು, ಒಂದು ರಿಮೋಟ್. ತಲೆನೋವು ಇಲ್ಲ.

ಕುಂಬಳೆ ರಿಪೇರಿಯವ:

ಮಾರಬೇಡಿ. ಕುಂಬಳೆಯಲ್ಲಿ 25 ವರ್ಷ ರೇಡಿಯೋ-ಟಿವಿ ರಿಪೇರಿ ಮಾಡಿದವ ನಾನು. ಆ ಭಾರ ಉಂಟಲ್ಲ, ಅದರಲ್ಲಿ ಜಾಸ್ತಿ ಪಾಲು ಒಳಗಿನ ಟ್ರಾನ್ಸ್‌ಫಾರ್ಮರಿಂದು. ತೆಳು ಸೌಂಡ್‌ಬಾರ್ ಅದರ ಎದುರು ಏನೂ ಅಲ್ಲ.

ಮೊದಲು ಆಪ್ಟಿಕಲ್. ಕೇಬಲ್‌ನ ಎರಡೂ ತುದಿ ನೋಡಿ. ಉಗುರಿನಷ್ಟು ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಅದನ್ನು ತೆಗೆಯಲಿಕ್ಕೆ ಮರೆತಿದ್ದೀರಿ, ನನಗೆ ಗ್ಯಾರಂಟಿ. ತೆಗೆದ ಮೇಲೆ ಒಂದು ತುದಿ ಟಿವಿಗೆ ಹಾಕಿ, ಇನ್ನೊಂದನ್ನು ಅಂಗೈಗೆ ಹಿಡಿದರೆ ಕೆಂಪು ಬೆಳಕು ಬೀಳಬೇಕು. ಬೆಳಕಿದ್ದರೆ ಟಿವಿ ಮಾತಾಡುತ್ತಿದೆ ಅಂತ ಅರ್ಥ. ರಿಸೀವರಿನಲ್ಲೂ ಆ ಆಪ್ಟಿಕಲ್ ಇನ್‌ಪುಟ್ಟನ್ನೇ ಆರಿಸಬೇಕು, ಅದನ್ನು ಮರೆಯುವವರೂ ಇದ್ದಾರೆ.

ಆಮೇಲೆ ಟಿವಿಯ ಸೌಂಡ್ ಮೆನುವಿಗೆ ಹೋಗಿ. ಡಿಜಿಟಲ್ ಔಟ್‌ಪುಟ್ "ಪಿಸಿಎಂ" ಅಂತ ಇಟ್ಟರೆ ಶಬ್ದ ಖಂಡಿತ ಬರುತ್ತದೆ, ಆದರೆ ಎರಡೇ ಚಾನೆಲ್. ಐದೂ ಸ್ಪೀಕರ್ ಹಾಡಬೇಕಾದರೆ "ಡಾಲ್ಬಿ ಡಿಜಿಟಲ್" ಅಂತ ಇಡಿ. ಈಗಿನ ಆ್ಯಪ್‌ಗಳು ಕಳಿಸುವುದು ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಪ್ಲಸ್. ಅದು ನಿಮ್ಮ ರಿಸೀವರಿಗೆ ಅರ್ಥವಾಗದ ಭಾಷೆ, ಆಪ್ಟಿಕಲ್‌ನಲ್ಲಿ ದಾಟುವುದೂ ಇಲ್ಲ. ಮೆನುವಿನಲ್ಲಿ "ಡಾಲ್ಬಿ ಡಿಜಿಟಲ್" ಇಟ್ಟರೆ ಟಿವಿಯೇ ಅದನ್ನು ಹಳೇ ಡಾಲ್ಬಿಗೆ ಬದಲಾಯಿಸಿ ಕೊಡುತ್ತದೆ. ಟಿವಿಯ ಶಬ್ದವನ್ನು ಎಚ್‌ಡಿಎಂಐ ವಯರಿನಲ್ಲೇ ರಿಸೀವರಿಗೆ ವಾಪಸು ಕಳಿಸುವ ಎಆರ್‌ಸಿ ಬಂದದ್ದೇ 2009ರಲ್ಲಿ, ಆದ್ದರಿಂದ ನಿಮ್ಮ ಯಂತ್ರದಲ್ಲಿ ಅದನ್ನು ಹುಡುಕಬೇಡಿ.

ಕನ್ವರ್ಟರ್ ಡಬ್ಬಿ ಒಂದು ಕಡೆಗೆ ಮಾತ್ರ ಕೆಲಸ ಮಾಡುವ ವಸ್ತು. ನೀವು ತಂದದ್ದು ಹೊಸ ಯಂತ್ರದಿಂದ ಹಳೇ ಟಿವಿಗೆ. ನಿಮಗೆ ಬೇಕಾದ್ದು ಉಲ್ಟಾ, "ಎವಿ ಟು ಎಚ್‌ಡಿಎಂಐ". ಆದರೆ ಅದಕ್ಕೂ ದುಡ್ಡು ಸುರಿಯಬೇಡಿ. ಆ ಸಣ್ಣ ತೂತಿಗೆ ಒಂದು ಕಡೆ ಇಯರ್‌ಫೋನ್ ಪಿನ್, ಇನ್ನೊಂದು ಕಡೆ ಮೂರು ಬಣ್ಣ ಇರುವ ಕೇಬಲ್ ಸಿಗುತ್ತದೆ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರಬೇಕು, ಎರಡಲ್ಲ. ಒಂದು ಮೋಸ ಉಂಟು: ಆ ಗೆರೆಗಳ ನಡುವೆ ಯಾವುದು ಚಿತ್ರ, ಯಾವುದು ಶಬ್ದ ಅನ್ನುವುದು ಎಲ್ಲ ಕೇಬಲ್ಲಿನಲ್ಲೂ ಒಂದೇ ಅಲ್ಲ. ಚಿತ್ರ ಬಾರದಿದ್ದರೆ ಹಳದಿಯನ್ನು ಕೆಂಪಿಗೆ, ಆಮೇಲೆ ಬಿಳಿಗೆ ಬದಲಾಯಿಸಿ ನೋಡಿ. ಏನೂ ಸುಡುವುದಿಲ್ಲ.

ಗುಂಯ್‌ಗೆ ಕಾರಣ ಟಿವಿ ಅಲ್ಲ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ, ಅದು ಗುಂಯ್‌ಗುಡುವುದಿಲ್ಲ. ವಿಸಿಆರ್ ಹಿಂದೆ ಹಳೇ ಕೇಬಲ್ ಟಿವಿಯ ದಪ್ಪ ವಯರು ಇನ್ನೂ ಸಿಕ್ಕಿಸಿಯೇ ಇದೆಯಾ? ಅದನ್ನು ಎಳೆಯಿರಿ.

ಪೆರ್ಲದ ತೋಟದವ:

ನಾಚಿಕೆಯಾಗುತ್ತದೆ. ಟೊಪ್ಪಿ ಇತ್ತು! ಎರಡೂ ತುದಿಯಲ್ಲಿ. ಕೆಂಪು ಬೆಳಕು ಅಂಗೈ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಬಿತ್ತು. ಮಗಳು ಅರ್ಧ ಗಂಟೆ ಅದರಲ್ಲೇ ಆಡಿದಳು.

ದಪ್ಪ ವಯರು ಎಳೆದ ಕೂಡಲೇ ಗುಂಯ್ ನಿಂತಿತು. ಆ ಕೇಬಲ್ ಕನೆಕ್ಷನ್ ಬಿಟ್ಟು ಎಷ್ಟೋ ವರ್ಷ ಆಯಿತು, ವಯರು ಸುಮ್ನೆ ಅಲ್ಲೇ ಕೂತಿತ್ತು. ಹಳದಿ ಕೊನೆಗೆ ಕೆಂಪಿನಲ್ಲಿ ಸಿಕ್ಕಿತು, ಚಿತ್ರ ಬಂತು. ಶಬ್ದ ವಿಸಿಆರಿಂದ ನೇರ ರಿಸೀವರಿಗೆ ಕೊಟ್ಟಿದ್ದೇನೆ.

ಈಗ ಹೊಸ ತಕರಾರು. ಚೆಂಡೆಯ ಪೆಟ್ಟು ಮೊದಲು ಕೇಳುತ್ತದೆ, ಕೋಲು ಆಮೇಲೆ ಬೀಳುತ್ತದೆ. ಅಮ್ಮ "ಇದೇನು, ಭಾಗವತರು ಬಾಯಿ ತೆರೆಯುವ ಮೊದಲೇ ಪದ ಹೇಳುತ್ತಾರೆ" ಅಂದರು.

ಬದಿಯಡ್ಕದ ಸೌಂಡ್ ಪ್ರಿಯ:

ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ, ಹಳೇ 576 ಗೆರೆಯ ಚಿತ್ರವನ್ನು ಫೋರ್‌ಕೆಗೆ ಎಳೆಯಲಿಕ್ಕೆ ಅದಕ್ಕೆ ಸಮಯ ಬೇಕು. ಶಬ್ದ ಅಡ್ಡದಾರಿಯಲ್ಲಿ ಬಂದು ಮೊದಲೇ ಮುಟ್ಟುತ್ತದೆ. ಆ ಇನ್‌ಪುಟ್ಟಿಗೆ "ಗೇಮ್ ಮೋಡ್" ಹಾಕಿದರೆ ತಿದ್ದುವ ಕೆಲಸ ಕಮ್ಮಿಯಾಗುತ್ತದೆ. ಸಾಲದಿದ್ದರೆ ಶಬ್ದವನ್ನೂ ಟಿವಿಗೇ ಕೊಟ್ಟು ಆಪ್ಟಿಕಲ್‌ನಿಂದ ಹೊರಗೆ ತೆಗೆಯಿರಿ. ಎರಡೂ ಒಟ್ಟಿಗೆ ತಡವಾದರೆ ತಡ ಗೊತ್ತಾಗುವುದಿಲ್ಲ, ಅಲ್ವಾ?

ಕುಂಬಳೆ ರಿಪೇರಿಯವ:

ಸರಿ ಹೇಳಿದರು. ನನ್ನದೊಂದು ಮಾತು: ಸಿಡಿಲು ಬರುವ ಸಂಜೆ ಎಲ್ಲ ಪ್ಲಗ್ಗೂ ತೆಗೆಯಿರಿ. ಹೊರಗಿನಿಂದ ಬರುವ ಡಿಶ್ ವಯರನ್ನು ಕೂಡ. ಸ್ವಿಚ್ ಆಫ್ ಮಾಡಿದರೆ ಸಾಲದು. ತುಲಾಮಳೆಯ (ಅಕ್ಟೋಬರ್-ನವೆಂಬರಿನ ಸಿಡಿಲು ಮಳೆ) ಸಮಯ ನನ್ನ ಬೆಂಚಿಗೆ ಬಂದ ಸುಟ್ಟ ಬೋರ್ಡುಗಳಲ್ಲಿ ಎಷ್ಟೋ ಆ ವಯರಿನ ದಾರಿಯಲ್ಲೇ ಸತ್ತವು.

ಪೆರ್ಲದ ತೋಟದವ:

ಗೇಮ್ ಮೋಡ್ ಹಾಕಿದೆ. ಮುಕ್ಕಾಲು ಸರಿಯಾಯಿತು. ಶಬ್ದವನ್ನೂ ಟಿವಿಯ ಮೂಲಕ ಕಳಿಸಿದ ಮೇಲೆ ಕೋಲೂ ಪೆಟ್ಟೂ ಒಟ್ಟಿಗೆ ಬಿದ್ದವು. ನಿನ್ನೆ ರಾತ್ರಿ ಅಮ್ಮ ಪೂರ್ತಿ ನೋಡಿದರು. ಆಟ ನೋಡಿದ್ದಕ್ಕಿಂತ ಜಾಸ್ತಿ ಎದುರು ಚಾಪೆಯಲ್ಲಿ ಕೂತವರನ್ನು ನೋಡಿದರು, "ಇವರು ಹೋದರು, ಇವರೂ ಹೋದರು" ಅಂತ ಲೆಕ್ಕ ಹಾಕುತ್ತಾ.

ಇನ್ನೂ 7 ಕ್ಯಾಸೆಟ್ ಉಂಟು. ಎರಡರಲ್ಲಿ ಟೇಪಿನ ಅಂಚಿಗೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಕಾಣುತ್ತದೆ. ಹಾಕಲಿಕ್ಕೆ ಧೈರ್ಯ ಇಲ್ಲ.

ಕುಂಬಳೆ ರಿಪೇರಿಯವ:

ಅದು ಬೂಸ್ಟು. ಹಾಕಬೇಡಿ, ವಿಸಿಆರಿನೊಳಗೆ ಟೇಪ್ ಓದುವ ಹೆಡ್ಡಿಗೆ ಅಂಟಿಕೊಂಡು ಒಳ್ಳೆ ಕ್ಯಾಸೆಟ್ಟುಗಳಿಗೂ ದಾಟುತ್ತದೆ. ಆ ಎರಡನ್ನು ಬೇರೆ ಡಬ್ಬಿಯಲ್ಲಿ ಒಣ ಜಾಗದಲ್ಲಿಡಿ. ಆದಿತ್ಯವಾರ ಕುಂಬಳೆ ಕಡೆ ಬಂದರೆ ತನ್ನಿ, ನೋಡುವ.