ಸೂರತ್ ಹೋಲ್‌ಸೇಲ್ ಸೀರಿ ವೆಬ್‌ಸೈಟ್: ಅಡ್ವಾನ್ಸ್ ಹಾಕೋ ಮೊದಲು ಏನೇನು ನೋಡಬೇಕ್ರಿ?

ಮುಧೋಳ ಜವಳಿ:

ನಮಸ್ಕಾರ್ರಿ ಎಲ್ಲಾರಿಗೂ. ಲಗ್ನದ ಸೀಜನ್ನಿಗೆ ಸೀರಿ ಮಾಲು ತರಸೋದೈತಿ. ಸೂರತ್‌ದ್ದು ಅಂತ ಹೇಳ್ಕೊಳ್ಳೋ ಒಂದು ಹೋಲ್‌ಸೇಲ್ ವೆಬ್‌ಸೈಟ್ ಸಿಕ್ಕೈತಿ. ‘1982ರಿಂದ ತಯಾರಕರು’ ಅಂತ ಮ್ಯಾಲೆ ದೊಡ್ಡದಾಗಿ ಬರದಾರ. ಜಾರ್ಜೆಟ್, ಡೋಲಾ ಸಿಲ್ಕ್ ಸೆಟ್ ಲೆಕ್ಕದಾಗ ಅದಾವ. ಜೊತಿಗೆ ‘ಕೈಮಗ್ಗದ ಇಳಕಲ್’ 480 ರೂಪಾಯಿಗೆ ಒಂದು, 2000 ಪೀಸ್ ರೆಡಿ ಸ್ಟಾಕ್ ಅಂತಾನೂ ಐತಿ. ಕನಿಷ್ಠ ಆರ್ಡರ್ 25,000. ಅರ್ಧ ಅಡ್ವಾನ್ಸ್, ಉಳಿದಿದ್ದು ಮಾಲು ಬಿಡೋ ಮುಂದ. ಕೆಳಗ ಜಿಎಸ್‌ಟಿ ನಂಬರ್ ಐತಿ, ಆದ್ರ ಮಾತುಕತಿ ಎಲ್ಲಾ ವಾಟ್ಸಾಪ್‌ನ್ಯಾಗ. ಖರೇ ಪಾರ್ಟಿ ಹೌದೋ ಅಲ್ಲೋ ಹ್ಯಾಂಗ ತಿಳ್ಕೋಬೇಕು? ಈ ಸಲ ಸೂರತ್‌ಗೆ ಹೋಗಿ ನೋಡೋದು ಆಗೂದಿಲ್ಲ.

ತೆರಿಗೆ ಲೆಕ್ಕ, ಬಾಗಲಕೋಟೆ:

ಜಿಎಸ್‌ಟಿ ನಂಬರ್ ಹಾಕಿದ್ದಾರೆ ಅಂತ ಸಮಾಧಾನ ಪಡಬೇಡಿ. ಮೊದಲು ಆ ನಂಬರನ್ನೇ ಸರಿಯಾಗಿ ಓದಿ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ: ಗುಜರಾತ್ 24, ಮಹಾರಾಷ್ಟ್ರ 27, ನಮ್ಮದು 29. ಸೂರತ್ ವಿಳಾಸ ಹಾಕಿ ನಂಬರ್ 07ರಿಂದ ಶುರುವಾದರೆ ಅದು ದೆಹಲಿಯ ನೋಂದಣಿ, ಯಾಕೆ ಅಂತ ಕೇಳಬೇಕು. ಮುಂದಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಇಡೀ ನಂಬರಿನ 6ನೇ ಅಕ್ಷರ ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ವೆಬ್‌ಸೈಟಿನಲ್ಲಿ ‘ಪ್ರೈವೇಟ್ ಲಿಮಿಟೆಡ್’ ಅಂತ ಬರೆದು 6ನೇ ಅಕ್ಷರ ‘ಪಿ’ ಇದ್ದರೆ ಅಲ್ಲಿಗೇ ಮಾತು ಮುಗಿಯಿತು.

ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ತೆರಿಗೆದಾರರ ಹುಡುಕಾಟ ಮಾಡಬಹುದು. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿ ದಿನಾಂಕ, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಎಲ್ಲ ಬರುತ್ತದೆ. ಮುಖ್ಯ ವ್ಯವಹಾರ ತಯಾರಿಕೆಯೋ ವ್ಯಾಪಾರವೋ ಅನ್ನುವುದೂ ಅಲ್ಲೇ ಇದೆ. ‘ತಯಾರಕರು’ ಎಂದು ಹೇಳುವವರು ಅಲ್ಲಿ ಬರೀ ವ್ಯಾಪಾರಿ ಎಂದಿದ್ದರೆ ಮೋಸ ಅಂತಲ್ಲ, ಆದರೆ ಫ್ಯಾಕ್ಟರಿ ದರ ಎಂಬ ಮಾತಿಗೆ ಅರ್ಥವಿಲ್ಲ. ಕೆಳಗೆ ರಿಟರ್ನ್ ಸಲ್ಲಿಸಿದ ಪಟ್ಟಿ ತೆರೆದು ನೋಡಿ. ತಿಂಗಳುಗಟ್ಟಲೆ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ರಿಟರ್ನ್) ಬಾಕಿ ಇದ್ದರೆ ನಿಮ್ಮ 2ಬಿಯಲ್ಲಿ (ಪೋರ್ಟಲ್ ಕೊಡುವ ನಿಮ್ಮ ಖರೀದಿ ಬಿಲ್‌ಗಳ ಪಟ್ಟಿ) ಆ ಬಿಲ್ ಕಾಣುವುದಿಲ್ಲ, ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಅಂದರೆ ಶೇ 5 ತೆರಿಗೆ ನಿಮ್ಮ ಜೇಬಿನಿಂದ. ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದು ಬಂದರಂತೂ ಬಿಟ್ಟುಬಿಡಿ. ಅವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ.

ನೋಂದಣಿ ದಿನಾಂಕದ ಬಗ್ಗೆ ಒಂದು ಎಚ್ಚರ. ಜಿಎಸ್‌ಟಿ ಶುರುವಾಗಿದ್ದೇ 2017ರ ಜುಲೈ 1ಕ್ಕೆ, ಹಾಗಾಗಿ 1982ರ ಅಂಗಡಿಗೂ ಅದಕ್ಕಿಂತ ಹಿಂದಿನ ದಿನಾಂಕ ಇರುವುದಿಲ್ಲ. ತಂದೆಯಿಂದ ಮಗನಿಗೆ ವ್ಯವಹಾರ ಹೋದರೆ ಪ್ಯಾನ್ ಬದಲಾಗಿ ಹೊಸ ನಂಬರ್ ಬರುತ್ತದೆ. ಬರೀ ದಿನಾಂಕ ನೋಡಿ ತೀರ್ಮಾನ ಬೇಡ. ಆದರೆ ನೋಂದಣಿ ಮೂರು ತಿಂಗಳ ಹಿಂದಿನದು, ಡೊಮೇನ್ (ವೆಬ್‌ಸೈಟ್ ವಿಳಾಸ) ಎರಡು ತಿಂಗಳದ್ದು, ಫೋನ್ ನಂಬರೂ ಹೊಸದು ಎಂದರೆ ಲೆಕ್ಕ ಬೇರೆ.

ಎಲ್ಲಕ್ಕಿಂತ ದೊಡ್ಡ ತೊಡಕು: ನಂಬರ್ ನಿಜವಾದದ್ದೇ ಇರುತ್ತದೆ, ಆದರೆ ಅವರದ್ದಲ್ಲ. ಯಾವುದೋ ಒಳ್ಳೆಯ ಅಂಗಡಿಯ ನಂಬರ್ ಕದ್ದು ಹಾಕಿರುತ್ತಾರೆ. ಪೋರ್ಟಲ್‌ನ ವಿಳಾಸ ಹಿಡಿದು ಆ ಅಂಗಡಿಯ ಫೋನನ್ನು ಬೇರೆ ದಾರಿಯಿಂದ ಹುಡುಕಿ, ‘ಈ ವೆಬ್‌ಸೈಟ್ ನಿಮ್ಮದೇನಾ’ ಎಂದು ಕೇಳಿ. ವೆಬ್‌ಸೈಟ್‌ನಲ್ಲಿರುವ ನಂಬರಿಗೆ ಮಾಡಿದರೆ ಅವರೇ ಎತ್ತುತ್ತಾರೆ, ಅದರಿಂದ ಏನೂ ಗೊತ್ತಾಗದು.

ಕೊಂಡಿ ಸೆರಗು, ಇಳಕಲ್:

ಉಳಿದಿದ್ದು ಏನರ ಇರಲಿ, ಆ 480 ರೂಪಾಯಿ ‘ಕೈಮಗ್ಗದ ಇಳಕಲ್’ ಒಂದೇ ಸಾಕು ಆ ವೆಬ್‌ಸೈಟಿನ ನಾಲಿಗಿ ಎಂಥಾದ್ದು ಅಂತ ತಿಳಿಲಿಕ್ಕೆ. ಕೈಮಗ್ಗದಾಗ ಒಂದು ಸೀರಿ ಇಳಸಾಕ ಎರಡು-ಮೂರು ದಿನ ಬೇಕು. ನೂಲು, ಬಣ್ಣ, ಹಾಸು (ಉದ್ದದ ಎಳಿ) ಹೂಡೋದು, ನೇಯ್ಗಿ ಕೂಲಿ ಕೂಡಿಸಿದ್ರ 480ಕ್ಕ ಕೂಲೀನೂ ಗಿಟ್ಟೂದಿಲ್ಲ. ಅಗ್ಗ ಇರೋದು ಪವರ್‌ಲೂಮ್ ಮಾಲು. ಅದನ್ನ ಮಾರೋದು ತಪ್ಪಲ್ಲ, ಕೈಮಗ್ಗ ಅಂತ ಹೇಳೋದು ತಪ್ಪು.

ಗುರುತು ಹಿಡಿಯೋದು ಹಿಂಗ. ಇಳಕಲ್‌ದಾಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಜೋಡಸ್ತಾರ, ಅದೂ ಪ್ರತಿ ಸೀರಿಗೂ. ಅದಕ್ಕ ಕೆಂಪು ಸೆರಗಿನ ಹಾಸೂ ಕೆಂಪೇ ಇರ್ತದ. ನಕಲಿ ಒಳಗ ಹಾಸು ಮೈಯದ್ದೇ ಮುಂದುವರದಿರ್ತದ, ಹೊಕ್ಕಿನ (ಅಡ್ಡ ಎಳಿ) ಬಣ್ಣ ಅಷ್ಟೇ ಬದಲಾಗಿರ್ತದ. ಹಿಂಗಾಗಿ ಹಸಿರು ಸೀರಿ ಇದ್ರ ಸೆರಗಿನ ಕೆಂಪಿನಾಗ ಹಸಿರು ಎಳಿ ಬೆರತು ಮಬ್ಬು ಕಾಣ್ತದ. ಮೈ ಮತ್ತು ಸೆರಗು ಕೂಡೋ ಜಾಗದ ಫೋಟೋ ಕೇಳ್ರಿ, ಹಿಂದಿನ ಮಗ್ಗಲದ್ದು, ಹತ್ರದಿಂದ. ಕಸೂತಿ ತೋರಿಸಿ ಮಾತು ಹಾರಿಸಿದ್ರ ತಿಳ್ಕೊಳ್ರಿ.

ಇನ್ನ ‘ಒಂದೇ ನಮೂನಿ 2000 ಪೀಸ್ ರೆಡಿ’ ಅನ್ನೋದು. ಕೈಮಗ್ಗದ ಮಾಲು ಮಗ್ಗ ಮಗ್ಗದಿಂದ ಕೂಡಿಸಿ ತರಬೇಕು, ಬಣ್ಣದಾಗ, ದಡಿಯಾಗ ಸ್ವಲ್ಪ ಹೆಚ್ಚು-ಕಡಿಮಿ ಇದ್ದೇ ಇರ್ತದ. ಇಳಕಲ್‌ಕ್ಕೂ ಗುಳೇದಗುಡ್ಡ ಖಣಕ್ಕೂ ಜಿಐ (ಭೌಗೋಳಿಕ ಗುರುತು) ಐತಿ. ಹೆಸರು ಹಾಕೋರಿಗೆ ಅಧಿಕೃತ ಬಳಕೆದಾರರ ನೋಂದಣಿ ಇದ್ರ ತೋರಸ್ರಿ ಅಂತ ಕೇಳಬಹುದು. ಹ್ಯಾಂಡ್‌ಲೂಮ್ ಮಾರ್ಕ್ (ಕೈಮಗ್ಗದ್ದಂತ ಸರಕಾರದ ಗುರುತು) ಚೀಟಿ ಸೀರಿ ಮ್ಯಾಲೆ ಇರಬೇಕು, ವೆಬ್‌ಸೈಟಿನ ಮೂಲ್ಯಾಗ ಚಿತ್ರ ಅಂಟಿಸಿದ್ರ ಅದು ಲೆಕ್ಕಕ್ಕಿಲ್ಲ. ಅದಲ್ಲದ, ಮುಧೋಳದಿಂದ ಇಳಕಲ್ ದೂರ ಏನೈತ್ರಿ ಸೂರತ್‌ದಿಂದ ಇಳಕಲ್ ತರಸಾಕ?

ರವಿವಾರ ಪೇಟೆ, ಬೆಳಗಾವಿ:

ಫೋಟೋ ವಿಷಯ ಹೇಳ್ತೀನಿ, ಇದ್ರಾಗ ಭಾಳ ಮಂದಿ ತಪ್ಪು ತಿಳ್ಕೋತಾರ. ಗೂಗಲ್ ಲೆನ್ಸ್‌ನ್ಯಾಗ ಹಾಕಿದ್ರ ಅದೇ ಫೋಟೋ ಹತ್ತು ವೆಬ್‌ಸೈಟಿನ್ಯಾಗ ಸಿಗ್ತದ, ಕೂಡ್ಲೇ ‘ಕಳ್ಳ’ ಅಂತಾರ. ಸೂರತ್ ಕ್ಯಾಟಲಾಗ್ ಫೋಟೋ ಮಿಲ್ಲಿನವರೇ ಎಲ್ಲಾ ವ್ಯಾಪಾರಿಗೂ ಕೊಡ್ತಾರ, ಅದು ಸಹಜ. ನೋಡಬೇಕಾಗಿದ್ದು ಬ್ಯಾರೆ: ಅವರ ಕೈಯಾಗ ಮಾಲು ಐತೋ ಇಲ್ಲೋ. ವಿಡಿಯೋ ಕಾಲ್ ಮಾಡಸ್ರಿ. ಸೆಟ್ ಬಿಚ್ಚಿ, ನೀವು ಹೇಳಿದ ಸೀರಿ ಅವರು ಅಲ್ಲೇ ಮೀಟರ್ ಪಟ್ಟಿ ಹಿಡದು ಅಳತಿ ಮಾಡಿ ತೋರಸಬೇಕು. ಬ್ಲೌಸ್ ಸಮೇತ 6.30 ಮೀಟರ್ ಅಂದಿದ್ದು 5.80 ಬರೋದು ಈ ಧಂಧೆದಾಗ ದಿನದ ಮಾತು.

ಪ್ರೊಫಾರ್ಮಾ ಬಿಲ್ (ಮಾಲು ಬಿಡೋ ಮೊದಲು ಕೊಡೋ ಬಿಲ್) ತರಸ್ರಿ. ಅದ್ರಾಗ ಕಟ್ (ಉದ್ದ) ಎಷ್ಟು, ಪನ್ನಾ (ಅಗಲ) ಎಷ್ಟು, ಬ್ಲೌಸ್ ಜೊತಿಗೋ ಬ್ಯಾರೆಯೋ, ಸೆಟ್ಟಿಗೆ ಎಷ್ಟು ಪೀಸ್, ಡ್ಯಾಮೇಜ್ ಎಷ್ಟು ದಿನದಾಗ ವಾಪಸ್, ಎಲ್ಲಾ ಬರಿಬೇಕು. ಎಚ್‌ಎಸ್‌ಎನ್ (ತೆರಿಗಿಗೆ ಮಾಲು ಗುರುತಿಸೋ ಸಂಕೇತ) ನೋಡ್ರಿ: ಪಾಲಿಯೆಸ್ಟರ್ ನೇಯ್ಗಿ 5407, ಖರೇ ರೇಷ್ಮಿ 5007. ಡೋಲಾ ಸಿಲ್ಕ್, ವಿಚಿತ್ರಾ ಸಿಲ್ಕ್ ಅನ್ನೋವು ಹೆಚ್ಚಾಗಿ 5407ದಾಗೇ ಬರ್ತಾವ, ಹೆಸರಿನ್ಯಾಗ ಅಷ್ಟೇ ರೇಷ್ಮಿ. ಗುಜರಾತ್‌ದಿಂದ ನಮಗ ಬರೋ ಬಿಲ್ಲಿನ್ಯಾಗ ಐಜಿಎಸ್‌ಟಿ (ಹೊರರಾಜ್ಯದ ಮಾಲಿನ ತೆರಿಗಿ) ಇರಬೇಕು. ರಾಜ್ಯದೊಳಗಿನ ಮಾಲಿನಂಗ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಅಂತ ಒಡದು ಹಾಕಿದ್ರ ಆ ಬಿಲ್ ಮಾಡಿದಾಂವಗ ವ್ಯಾಪಾರ ಗೊತ್ತಿಲ್ಲ, ಇಲ್ಲಂದ್ರ ಬಿಲ್ಲೇ ಸುಳ್ಳು.

ಮೊದಲ ಆರ್ಡರ್ ಒಂದೇ ಸೆಟ್. ‘ಕನಿಷ್ಠ 25,000’ ಅಂತ ಹಟ ಹಿಡದ್ರ ಸ್ಯಾಂಪಲ್ ಸೆಟ್ಟಿಗೆ ಪೂರ್ತಿ ರೊಕ್ಕ ಕೊಡ್ತೀನಿ ಅನ್ರಿ, ಖರೇ ವ್ಯಾಪಾರಿ ಒಪ್ಪತಾನ. ಸ್ಯಾಂಪಲ್ ಚಲೋ ಬಂತಂತ ಉಬ್ಬಬ್ಯಾಡ್ರಿ, ಲಾಟಿನ್ಯಾಗ ಹಗುರ ಬಟ್ಟಿ ಕಳಸೋದೇ ಇಲ್ಲಿಯ ಆಟ. ಸ್ಯಾಂಪಲ್ ಸೀರಿ ತೂಗಿ ಬರದಿಡ್ರಿ. ಅದು 420 ಗ್ರಾಂ ಇದ್ರ 60 ಪೀಸ್ 25 ಕಿಲೋದ ಮ್ಯಾಲೆ ಆಗಬೇಕು, ಮ್ಯಾಲಿನ ಪ್ಯಾಕಿಂಗ್ ಬ್ಯಾರೆ. ಬಿಲ್ಟಿ (ಟ್ರಾನ್ಸ್‌ಪೋರ್ಟ್ ಚೀಟಿ) ಮ್ಯಾಲೆ 19 ಕಿಲೋ ಅಂತ ಕಂಡ್ರ ಗಂಟು ಬಿಚ್ಚೋ ಮೊದಲೇ ಉತ್ತರ ಸಿಕ್ಕಂಗ. ಬಿಚ್ಚುವಾಗ ಹೊಲಿಗಿ, ಬಿಲ್ಟಿ ನಂಬರ್, ಎಣಿಕಿ ಎಲ್ಲಾ ಒಂದೇ ವಿಡಿಯೋದಾಗ ತಕ್ಕೊಳ್ರಿ, ನಡುವ ನಿಲ್ಲಸಬ್ಯಾಡ್ರಿ.

ಮುಧೋಳ ಜವಳಿ:

ಭಾಳ ಉಪಕಾರಾತ್ರಿ. ಪೋರ್ಟಲ್‌ದಾಗ ನಂಬರ್ ಚಾಲೂ ಐತಿ, ರಿಟರ್ನೂ ತುಂಬ್ಯಾರ. ಪ್ರೊಫಾರ್ಮಾ ಕೇಳಿದ್ದಕ್ಕ ಒಂದು ಬ್ಯಾಂಕ್ ಖಾತಿ ಕಳಸ್ಯಾರ, ಉಳಿತಾಯ ಖಾತಿ, ಒಬ್ಬರ ಹೆಸರಿನ್ಯಾಗ. ‘ಮುನೀಮರದ್ದು’ (ಲೆಕ್ಕ ಬರಿಯೋರದ್ದು) ಅಂತಾರ. ಬಿಲ್ ಬ್ಯಾಡಂದ್ರ ಶೇ 5 ಕಡಿಮಿ ಮಾಡ್ತೀವಿ ಅಂತಾನೂ ಅಂದ್ರು.

ತೆರಿಗೆ ಲೆಕ್ಕ, ಬಾಗಲಕೋಟೆ:

ಒಬ್ಬರ ಹೆಸರಿನ ಖಾತೆ ಇದ್ದಮಾತ್ರಕ್ಕೆ ತಪ್ಪಲ್ಲ. ಏಕವ್ಯಕ್ತಿ ಅಂಗಡಿಯಾದರೆ ಪೋರ್ಟಲ್‌ನ ಕಾನೂನುಬದ್ಧ ಹೆಸರು ಮಾಲೀಕರದ್ದೇ ಆಗಿರುತ್ತದೆ. ಖಾತೆಯ ಹೆಸರು ಅದಕ್ಕೆ ತಾಳೆಯಾದರೆ ಸರಿ. ಇಲ್ಲಿ ಮೂರನೆಯವರ ಹೆಸರು ಬಂದಿದೆ, ಹಾಗಾಗಿ ಒಂದು ರೂಪಾಯಿಯನ್ನೂ ಹಾಕಬೇಡಿ. ಎನ್‌ಇಎಫ್‌ಟಿಯಲ್ಲಿ ಹಣ ಜಮಾ ಆಗುವುದು ಖಾತೆ ನಂಬರಿನ ಮೇಲೆ, ನೀವು ಅಂಗಡಿಯ ಹೆಸರು ಬರೆದರೂ ದುಡ್ಡು ಮುನೀಮರಿಗೇ ಹೋಗುತ್ತದೆ. ಹಣ ಹಾಕುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಬಳಸಿ.

ಬಿಲ್ ಇಲ್ಲದ ಮಾಲಂತೂ ಬೇಡವೇ ಬೇಡ. ಕಚ್ಚಾ ಚೀಟಿ ಹಿಡಿದು ಎಲ್ಲಿಯೂ ಕೇಳಲಾಗದು. ಬಿಲ್ ಇದ್ದರೂ ಕೆಳಗೆ ‘ಸೂರತ್ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂಬ ಸಾಲು ಇರುತ್ತದೆ, ಮತ್ತು ಮರುಮಾರಾಟಕ್ಕೆ ಕೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಗ್ರಾಹಕ’ರಲ್ಲ. ಆದ್ದರಿಂದ ಗ್ರಾಹಕರ ಆಯೋಗದ ದಾರಿ ಅಂಗಡಿಯವರಿಗೆ ಇಲ್ಲ. ಮಾಲು 50,000 ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ) ಬೇಕು. ನಿಮ್ಮ ಜಿಎಸ್‌ಟಿ ನಂಬರಿಗೆ ಯಾರು ಮಾಡಿದ್ದಾರೆ ಎಂಬುದು ನಿಮ್ಮ ಲಾಗಿನ್‌ನಲ್ಲೇ ಕಾಣುತ್ತದೆ, ನಿಮ್ಮದಲ್ಲದ್ದನ್ನು 72 ಗಂಟೆಯೊಳಗೆ ತಿರಸ್ಕರಿಸಬಹುದು.

ರವಿವಾರ ಪೇಟೆ, ಬೆಳಗಾವಿ:

ಮುನೀಮರ ಖಾತಿ ಅಂದಕೂಡ್ಲೇ ನಾವಾದ್ರ ಫೋನ್ ಇಟ್ಟುಬಿಡ್ತಿದ್ವಿ. ಯಾರರ ಆಗಲೇ ರೊಕ್ಕ ಹಾಕಿದ್ರ ತಡಾ ಮಾಡದ 1930ಕ್ಕ (ಸೈಬರ್ ವಂಚನೆ ಸಹಾಯವಾಣಿ) ಫೋನ್ ಹಚ್ಚಿ, ಬ್ಯಾಂಕಿಗೂ ತಿಳಸ್ರಿ. ರೊಕ್ಕ ಇನ್ನೂ ಖಾತಿಯಾಗ ಇದ್ರ ತಡಿಲಿಕ್ಕೆ ಬರ್ತದ, ಒಂದು ರಾತ್ರಿ ಕಳದ್ರ ಕಷ್ಟ. ಆಮ್ಯಾಲೆ ಜಿಲ್ಲಾ ಸಿಇಎನ್ (ಸೈಬರ್ ಅಪರಾಧದ) ಪೊಲೀಸ್ ಠಾಣೆಕ್ಕ ಹೋಗೋವಾಗ ವಾಟ್ಸಾಪ್ ಮಾತುಕತಿ ಅಳಸದ ಹಂಗೇ ಇಟ್ಕೊಳ್ರಿ, ವ್ಯವಹಾರದ ಯುಟಿಆರ್ ನಂಬರ್ (ರೊಕ್ಕ ಹಾಕಿದ್ದಕ್ಕ ಬ್ಯಾಂಕ್ ಕೊಡೋ ಗುರುತಿನ ನಂಬರ್) ಬರಕೊಂಡು ಹೋಗ್ರಿ.