ಗುಜರಿಯಲ್ಲಿ ಸಿಕ್ಕ ಭಾರತಮಾತೆ ಪಟ: ಹಳೆಯದೋ, ನಕಲೋ?

ಪ್ರಶ್ನೆ: ಗಾಜಿನ ಕಟ್ಟು ಹಾಕಿದ ಪಟ, ಭಾರತಮಾತೆಯ ಕೈಯಲ್ಲಿ ಚರಕದ ಬಾವುಟ. ಕಾಲ ಗೊತ್ತುಮಾಡುವುದು ಹೇಗೆ?

ಉತ್ತರ 1: ಬಾವುಟದ ಪಟ್ಟಿ ನೋಡಿ. ಮೇಲಿಂದ ಬಿಳಿ, ಹಸಿರು, ಕೆಂಪು ಇದ್ದರೆ 1921ರ ವಿನ್ಯಾಸ. ಕೇಸರಿ, ಬಿಳಿ, ಹಸಿರು ಆದರೆ 1931ರದ್ದು. ಅಶೋಕಚಕ್ರ ಬಂದದ್ದು 1947ರ ಜುಲೈ 22ಕ್ಕೆ.

ಉತ್ತರ 2: ಅದು ಚಿತ್ರದ ಕಾಲವಾಯಿತು, ಕಾಗದದ್ದಲ್ಲ! ಹಳೇ ಚಿತ್ರಗಳನ್ನು ಈಗಲೂ ಅಚ್ಚು ಹಾಕ್ತಾರೆ. 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಚುಕ್ಕಿಗಳು ಹೂವಿನಂತೆ ಒಪ್ಪವಾಗಿ ಕೂತಿದ್ದರೆ ಆಫ್‌ಸೆಟ್, ಅಂದರೆ ಈಚಿನ ಯಂತ್ರದ ಅಚ್ಚು; ಅಡ್ಡಾದಿಡ್ಡಿ ಕಾಳುಕಾಳಾಗಿದ್ದರೆ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತುವ ಹಳೇ ಪದ್ಧತಿ.

ಉತ್ತರ 3: ಪ್ರೆಸ್ಸಿನ ಹೆಸರು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತೆ, ಕಟ್ಟಿನಡಿ ಮುಚ್ಚಿರಬಹುದು. ಹಿಂದಿನ ಮೊಳೆ ಬಿಚ್ಚಿ ನೋಡಿ. ಕಾಗದ ಗಾಜಿಗೆ ಅಂಟಿದ್ದರೆ ಮಾತ್ರ ಎಳೆಯಬೇಡಿ, ನೀರೂ ಸೋಕಿಸಬೇಡಿ. ತೇವಕ್ಕೆ ಅಂಟಿದ ಬಣ್ಣ ಕಿತ್ತುಬರುತ್ತೆ.